ಹೆಸರು ಬರೆದು ಸಹಿ ಹಾಕಿ

ನೀಲ್ ಆರ್ಮ್‌ಸ್ಟ್ರಾಂಗ್ ಸಹಿ ಮಾಡಿದ ಎರಡು ಫೋಟೊಗಳು ಹರಾಜಿಗೆ ಬಂದಿವೆ ಎಂದುಕೊಳ್ಳಿ. ಎರಡೂ ನಾಸಾ ಅಚ್ಚು ಹಾಕಿಸಿದ ಒಂದೇ ಚಿತ್ರದ ಪ್ರತಿಗಳು. ಬಿಳಿ ವ್ಯೋಮ ಉಡುಪು, ಬೆನ್ನ ಹಿಂದೆ ಚಂದ್ರನ ದೊಡ್ಡ ಚಿತ್ರ, ಮುಖದಲ್ಲಿ ತುಸು ಸಂಕೋಚದ ನಗೆ. ಒಂದರ ಮೇಲೆ ಬರಿಯ ಸಹಿ ಇದೆ. ಇನ್ನೊಂದರ ಮೇಲೆ ಯಾವುದೋ ಊರಿನ ಹುಡುಗನ ಹೆಸರು, ಅವನಿಗೊಂದು ಶುಭಾಶಯ, ಅದರ ಕೆಳಗೆ ಸಹಿ. ಎರಡನೆಯ ಫೋಟೊದ ಮೇಲೆ ಚಂದ್ರನಿಗೆ ಹೋಗಿ ಬಂದವರ ಕೈಬರಹ ಹೆಚ್ಚಿದೆ, ಅದು ನಿಜವಾದದ್ದೆಂದು ನಂಬಲು ಆಧಾರವೂ ಹೆಚ್ಚಿದೆ. ಆದರೂ ಹರಾಜಿನಲ್ಲಿ ಅದರ ಬೆಲೆ ಬಹಳ ಕಡಿಮೆ. ಕೊಳ್ಳುವವರಿಗೆ ಆ ಹುಡುಗನ ಹೆಸರು ಕಲೆಯಂತೆ ಕಾಣುತ್ತದೆ. ಅಂಥ ಹೆಸರುಗಳನ್ನು ಉಜ್ಜಿ ಅಳಿಸಿ, ಸಹಿಯನ್ನಷ್ಟೇ ಉಳಿಸಿ ಮಾರಿದವರೂ ಇದ್ದಾರೆ.

ಗಗನಯಾತ್ರಿಗಳಿಗೆ ಕಾಗದ ಬರೆದು ಸಹಿ ತರಿಸಿಕೊಳ್ಳುವ ಹವ್ಯಾಸ ಅರವತ್ತು ವರ್ಷಗಳಲ್ಲಿ ಎಲ್ಲಿಂದ ಎಲ್ಲಿಗೆ ಬಂದಿದೆ ಎಂಬುದಕ್ಕೆ ಈ ಬೆಲೆಯ ಅಂತರವೇ ಸಾಕ್ಷಿ. ಅಂತರಿಕ್ಷಕ್ಕೆ ಹೋಗಿಬಂದ ಒಬ್ಬ ಮನುಷ್ಯ, ತನಗೆ ಗೊತ್ತೇ ಇಲ್ಲದ ಒಂದು ಮಗುವಿನ ಹೆಸರನ್ನು ಎರಡು ಗಳಿಗೆ ಮನಸ್ಸಿನಲ್ಲಿಟ್ಟುಕೊಂಡು ಕೈಯಾರೆ ಬರೆದಿದ್ದಾನೆ. ಆ ಹವ್ಯಾಸದಲ್ಲಿ ಬೆಲೆಯುಳ್ಳದ್ದು ಅದೊಂದೇ, ಮಾರುಕಟ್ಟೆ ಕಳೆದು ಹಾಕುವುದೂ ಅದನ್ನೇ. ಭಾರತ ತನ್ನದೇ ನೌಕೆಯಲ್ಲಿ ಗಗನಯಾತ್ರಿಗಳನ್ನು ಕಳಿಸುವ ತಯಾರಿಯಲ್ಲಿದೆ, ಆ ತಯಾರಿ ನಡೆದಿರುವುದು ಬೆಂಗಳೂರಿನಲ್ಲಿ. ಅಮೆರಿಕದಲ್ಲಿ ಏನಾಯಿತೆಂಬುದನ್ನು ನೋಡಿ, ಇಲ್ಲಿ ಏನಾಗಬೇಕೆಂಬುದನ್ನು ತೀರ್ಮಾನಿಸಲು ಇದು ಸರಿಯಾದ ಹೊತ್ತು.

ಹವ್ಯಾಸದ ಕ್ರಮ ಸರಳ. ಹ್ಯೂಸ್ಟನ್‌ನ ಜಾನ್ಸನ್ ಬಾಹ್ಯಾಕಾಶ ಕೇಂದ್ರದಲ್ಲಿ ಗಗನಯಾತ್ರಿಗಳ ಕಚೇರಿಯೊಂದಿದೆ. ಸೇವೆಯಲ್ಲಿರುವ ಗಗನಯಾತ್ರಿಯ ಹೆಸರಿಗೆ ಅಲ್ಲಿಗೆ ಕಾಗದ ಹಾಕಬೇಕು. ಜೊತೆಗೆ ತನ್ನ ವಿಳಾಸ ಬರೆದು ಸ್ಟ್ಯಾಂಪ್ ಅಂಟಿಸಿದ ಲಕೋಟೆ ಇಡಬೇಕು. ಫೋಟೊ ಮಡಿಸಿಹೋಗದಂತೆ ಅದೇ ಅಳತೆಯ ರಟ್ಟಿನ ತುಂಡನ್ನೂ ಸೇರಿಸಬೇಕು. ಕಾಗದ ಚಿಕ್ಕದಾಗಿರಬೇಕು, ಕೈಯಲ್ಲೇ ಬರೆದಿರಬೇಕು, ಬೇರೆಯವರಿಗೆ ಬರೆಯಲು ಬರದಂತಿರಬೇಕು. ಪಳಗಿದವರು ಅದರಲ್ಲಿ ಒಂದು ಪ್ರಶ್ನೆಯನ್ನೂ ಇಡುತ್ತಾರೆ: ಅಂತರಿಕ್ಷ ನಿಲ್ದಾಣದಲ್ಲಿ ನಿದ್ದೆ ಹೇಗೆ ಬರುತ್ತದೆ, ನೌಕೆಯ ಹೊರಗೆ ಕೈಗವಸು ತೊಟ್ಟು ತಿರುಪು ತಿರುಗಿಸುವಾಗ ಯಾವ ಬೆರಳು ಮೊದಲು ಸೋಲುತ್ತದೆ, ಹೀಗೆ. ಆಮೇಲೆ ಕಾಯಬೇಕು. ತಿಂಗಳುಗಳು ಹಿಡಿಯಬಹುದು, ವರ್ಷ ದಾಟಬಹುದು, ಉತ್ತರ ಬಾರದೆಯೂ ಇರಬಹುದು. ಗಗನಯಾತ್ರಿ ಆ ಹೊತ್ತಿಗೆ ಭೂಮಿಯ ಮೇಲೇ ಇಲ್ಲದಿರುವ ಸಾಧ್ಯತೆ ಬೇರೆ ಯಾವ ಹಸ್ತಾಕ್ಷರ ಸಂಗ್ರಹದಲ್ಲೂ ಇಲ್ಲ.

ಭಾರತದಿಂದ ಬರೆಯುವವರಿಗೆ ಇನ್ನೊಂದು ತೊಡಕು. ಭಾರತದ ಸ್ಟ್ಯಾಂಪ್ ಅಂಟಿಸಿದ ಲಕೋಟೆಯನ್ನು ಅಮೆರಿಕದ ಅಂಚೆ ಪೆಟ್ಟಿಗೆಗೆ ಹಾಕುವಂತಿಲ್ಲ. ಅಮೆರಿಕದ್ದೇ ಸ್ಟ್ಯಾಂಪ್ ಬೇಕು, ಇಲ್ಲವೇ ವಿಶ್ವ ಅಂಚೆ ಒಕ್ಕೂಟದ ಅಂತರರಾಷ್ಟ್ರೀಯ ಉತ್ತರ ಕೂಪನ್ ಬೇಕು. 1906ರ ರೋಮ್ ಅಧಿವೇಶನದಲ್ಲಿ ಹುಟ್ಟಿದ ಈ ಕೂಪನ್‌ಗಳನ್ನು ಅಮೆರಿಕದ ಅಂಚೆ ಇಲಾಖೆ 2013ರಿಂದ ಮಾರುವುದನ್ನೇ ಬಿಟ್ಟಿದೆ. ಅದೇ ವರ್ಷ ಅದು ಯಾವ ದೇಶಕ್ಕಾದರೂ ಒಂದು ಹಗುರ ಕಾಗದ ಕಳಿಸಬಲ್ಲ ದುಂಡನೆಯ ಸ್ಟ್ಯಾಂಪ್ ತಂದಿತು. ಹೊರದೇಶದ ಸಂಗ್ರಾಹಕರು ಅದನ್ನು ಅಲ್ಲಿನ ನೆಂಟರಿಷ್ಟರಿಂದ ತರಿಸಿಟ್ಟುಕೊಳ್ಳುತ್ತಾರೆ.

ಈ ಕಾಗದಗಳ ಮಹಾಪೂರ ಶುರುವಾದದ್ದು 1960ರ ದಶಕದಲ್ಲಿ. ಅಮೆರಿಕದ ಮೊದಲ ಏಳು ಗಗನಯಾತ್ರಿಗಳ ಹೆಸರುಗಳು 1959ರ ಏಪ್ರಿಲ್‌ನಲ್ಲಿ ಪ್ರಕಟವಾದಾಗ ಅವರಲ್ಲಿ ಯಾರೂ ಇನ್ನೂ ಅಂತರಿಕ್ಷಕ್ಕೆ ಹೋಗಿರಲಿಲ್ಲ. ಆಗಲೇ ಅವರು ಮನೆಮಾತಾದರು. ಜಾನ್ ಗ್ಲೆನ್ 1962ರ ಫೆಬ್ರವರಿಯಲ್ಲಿ ಭೂಮಿಯನ್ನು ಮೂರು ಸುತ್ತು ಹಾಕಿ ಬಂದ ಮೇಲಂತೂ ಟಪಾಲು ಚೀಲಗಟ್ಟಲೆ ಬರತೊಡಗಿತು. ಬರೆದವರಲ್ಲಿ ಹೆಚ್ಚಿನವರು ಮಕ್ಕಳು. ಹಿಲರಿ ಕ್ಲಿಂಟನ್ ತಾವೂ ಹದಿಹರೆಯದಲ್ಲಿ ನಾಸಾಕ್ಕೆ ಬರೆದಿದ್ದಾಗಿ, ಹೆಣ್ಣುಮಕ್ಕಳನ್ನು ಗಗನಯಾತ್ರಿಗಳಾಗಿ ತೆಗೆದುಕೊಳ್ಳುವುದಿಲ್ಲ ಎಂಬ ಉತ್ತರ ಬಂದಿದ್ದಾಗಿ ಹಲವು ಸಲ ಹೇಳಿಕೊಂಡಿದ್ದಾರೆ. ಅಷ್ಟು ವರ್ಷಗಳ ಮೇಲೂ ಆ ಒಂದು ಉತ್ತರ ಅವರ ಮನಸ್ಸಿನಿಂದ ಹೋಗಿಲ್ಲ. ಮಗುವಿಗೆ ಬಂದ ಕಾಗದ ಅಷ್ಟು ಆಳಕ್ಕೆ ಇಳಿಯುತ್ತದೆ ಎಂಬುದನ್ನು ಉತ್ತರ ಬರೆಯುವ ಕಚೇರಿಗಳು ನೆನಪಿಡಬೇಕು.

ಅಷ್ಟು ಟಪಾಲಿಗೆ ಕೈಯಲ್ಲಿ ಸಹಿ ಹಾಕುತ್ತ ಕೂತರೆ ತರಬೇತಿ ನಡೆಯುವುದು ಹೇಗೆ? ನಾಸಾ ಯಂತ್ರದ ಮೊರೆ ಹೋಯಿತು. ಆಟೊಪೆನ್ ಎಂಬ ಆ ಯಂತ್ರ ಕೆಲಸ ಮಾಡುವುದು ಕೀಲಿಕೈ ನಕಲು ತೆಗೆಯುವ ಯಂತ್ರದ ಹಾಗೆ. ವ್ಯಕ್ತಿಯ ಒಂದು ಸಹಿಯನ್ನು ಅಚ್ಚಿನ ಅಂಚಿನಲ್ಲಿ ಕೊರೆದಿರುತ್ತಾರೆ. ಒಂದು ಮೊಳೆ ಆ ಅಂಚಿನ ಏರಿಳಿತವನ್ನು ಹಿಡಿದು ಸಾಗಿದಂತೆ, ತೋಳಿಗೆ ಕಟ್ಟಿದ ಪೆನ್ನು ಫೋಟೊದ ಮೇಲೆ ಸಹಿಯನ್ನು ಮೂಡಿಸುತ್ತದೆ. ಶಾಯಿ ನಿಜ, ಪೆನ್ನು ನಿಜ, ಕೈ ಮಾತ್ರ ಇಲ್ಲ. ಜೆಮಿನಿ ಮತ್ತು ಅಪೊಲೊ ಕಾಲದಲ್ಲಿ ಹ್ಯೂಸ್ಟನ್ನಿನಿಂದ ಹೊರಟ ಸಹಿಗಳಲ್ಲಿ ಬಹಳಷ್ಟು ಹೀಗೆ ಮೂಡಿದವು. ಇನ್ನು ಕೆಲವನ್ನು ಕಾರ್ಯದರ್ಶಿಗಳೇ ಹಾಕಿ ಕಳಿಸಿದರು.

ಪತ್ತೆ ಮಾಡುವ ದಾರಿಯೂ ಇದೆ. ಮನುಷ್ಯ ತನ್ನ ಸಹಿಯನ್ನು ಎರಡು ಸಲ ಒಂದೇ ಬಗೆಯಾಗಿ ಹಾಕಲಾರ, ಯಂತ್ರಕ್ಕೆ ಬೇರೆ ಬಗೆ ಗೊತ್ತಿಲ್ಲ. ಎರಡು ಫೋಟೊಗಳನ್ನು ಒಂದರ ಮೇಲೊಂದಿಟ್ಟು ಬೆಳಕಿಗೆ ಹಿಡಿದಾಗ ಗೆರೆಗಳು ಕೂದಲೆಳೆಯಷ್ಟೂ ಆಚೀಚೆಯಾಗದೆ ಕೂತರೆ ಅದು ಯಂತ್ರದ್ದು. ಗೆರೆಯ ದಪ್ಪ ಮೊದಲಿಂದ ಕೊನೆತನಕ ಒಂದೇ ಸಮ ಇರುತ್ತದೆ. ಪೆನ್ನು ಇಳಿದ ಜಾಗದಲ್ಲೂ ಎದ್ದ ಜಾಗದಲ್ಲೂ ಶಾಯಿಯ ಚುಕ್ಕೆ ಉಳಿದಿರುತ್ತದೆ. ಒಬ್ಬೊಬ್ಬ ಗಗನಯಾತ್ರಿಗೆ ಎಷ್ಟು ಅಚ್ಚುಗಳಿದ್ದವು, ಪ್ರತಿಯೊಂದರ ಗುರುತೇನು ಎಂದು ಸಂಗ್ರಾಹಕರು ವರ್ಷಗಟ್ಟಲೆ ಕೂತು ವಿಂಗಡಿಸಿದ್ದಾರೆ. ಹತ್ತು ವಯಸ್ಸಿನಲ್ಲಿ ಬಂದ ಫೋಟೊವನ್ನು ಕಟ್ಟು ಹಾಕಿಸಿ ಗೋಡೆಗೆ ತೂಗಿದವರು ಅರವತ್ತರ ಹತ್ತಿರ ಬಂದಾಗ ಆ ಪಟ್ಟಿಯನ್ನು ತೆರೆದು ನೋಡಿ ಸುಮ್ಮನೆ ಕೂತ ಪ್ರಸಂಗಗಳು ಕಡಿಮೆಯಲ್ಲ. ನಾಸಾ ದುರುದ್ದೇಶದಿಂದ ಮಾಡಿದ್ದಲ್ಲ, ಮಕ್ಕಳನ್ನು ಬರಿಗೈಯಲ್ಲಿ ಕಳಿಸಬಾರದೆಂದೇ ಮಾಡಿದ್ದು. ಆದರೂ ಇದು ಯಂತ್ರದ ಸಹಿ ಎಂಬ ಒಂದು ಸಾಲು ಆ ಫೋಟೊದ ಮೇಲೆ ಎಲ್ಲೂ ಇರಲಿಲ್ಲ. ತಪ್ಪಿದ್ದು ಅಲ್ಲಿ.

ಸೋವಿಯತ್ ಕಡೆಯಲ್ಲೂ ಸಹಿಯ ಹುಚ್ಚು ಕಡಿಮೆಯಿರಲಿಲ್ಲ. ಯೂರಿ ಗಗಾರಿನ್ 1961ರ ಏಪ್ರಿಲ್ 12ರ ತಮ್ಮ ಅಂತರಿಕ್ಷಯಾನದ ನಂತರ ದೇಶ ದೇಶ ಸುತ್ತುತ್ತ ಅಂಚೆ ಕಾರ್ಡುಗಳು, ಪುಸ್ತಕಗಳು, ಕೈಗೆ ಸಿಕ್ಕ ಕಾಗದದ ಚೂರುಗಳ ಮೇಲೆಲ್ಲ ಸಹಿ ಹಾಕಿದರು. ಅದೇ ವರ್ಷದ ಕೊನೆಗೆ ಭಾರತಕ್ಕೂ ಬಂದಿದ್ದರು. ಉಡಾವಣಾ ನೆಲೆಯಾದ ಬೈಕನೂರಿನ ಕಾಸ್ಮೊನಾಟ್ ಹೋಟೆಲಿನಲ್ಲಿ, ಹೊರಡುವ ಮುನ್ನ ಯಾತ್ರಿಗಳು ತಾವು ತಂಗಿದ್ದ ಕೋಣೆಯ ಬಾಗಿಲಿನ ಮೇಲೆ ಸಹಿ ಹಾಕುವ ರೂಢಿ ಇಂದಿಗೂ ನಡೆದಿದೆ.

ಸಹಿಗೆ ದುಡ್ಡಿನ ನಂಟು ಬಂದದ್ದು ಮೊದಲು ಭಯದಿಂದ. ಅಪೊಲೊ 11ರ ಮೂವರೂ ಹೊರಡುವ ಮುಂಚೆ ನೂರಾರು ಅಂಚೆ ಲಕೋಟೆಗಳಿಗೆ ಸಹಿ ಹಾಕಿಟ್ಟರು. ಪರೀಕ್ಷೆಯೇ ಆಗದ ಕೆಲಸಕ್ಕೆ ಹೊರಟವರಿಗೆ ಕುಟುಂಬಕ್ಕೆ ಸಾಲುವಷ್ಟು ಜೀವವಿಮೆ ಸಿಗುವುದು ಕಷ್ಟವಿತ್ತು. ಉಡಾವಣೆಯ ದಿನ, ಚಂದ್ರನ ಮೇಲೆ ಇಳಿದ ದಿನ ಅವಕ್ಕೆ ಅಂಚೆ ಮುದ್ರೆ ಬೀಳುವಂತೆ ವ್ಯವಸ್ಥೆಯಾಯಿತು. ತಾವು ಮರಳದಿದ್ದರೆ ಹೆಂಡತಿ ಮಕ್ಕಳು ಅವನ್ನು ಮಾರಿಕೊಳ್ಳಲಿ ಎಂಬ ಲೆಕ್ಕ. ಸಂಗ್ರಾಹಕರು ಅವನ್ನು ಇಂದಿಗೂ ವಿಮಾ ಲಕೋಟೆಗಳೆಂದೇ ಕರೆಯುತ್ತಾರೆ. ಅಪೊಲೊ 16ರವರೆಗೂ ಈ ಕ್ರಮ ನಡೆಯಿತು. ಮಾರಲೆಂದೇ ಹಾಕಿದ ಸಹಿಗಳಲ್ಲಿ ಮನಸ್ಸಿಗೆ ನಾಟುವುದು ಇವು ಮಾತ್ರ.

ಅಪೊಲೊ 15ರ ಕತೆ ಬೇರೆ. 1971ರ ಜುಲೈ 26ರಂದು ಹೊರಟ ಆ ಯಾನದಲ್ಲಿ ಡೇವಿಡ್ ಸ್ಕಾಟ್ ಚಂದ್ರನ ಮೇಲೆ ನಿಂತು ಅಂಚೆ ಇಲಾಖೆಯ ಒಂದು ಲಕೋಟೆಗೆ ಕೈಯಾರೆ ಮುದ್ರೆ ಒತ್ತಿದರು. ಅದು ಅಧಿಕೃತ. ಆದರೆ ಸ್ಕಾಟ್, ಆಲ್ಫ್ರೆಡ್ ವರ್ಡನ್ ಮತ್ತು ಜೇಮ್ಸ್ ಇರ್ವಿನ್ ಮೂವರೂ ಸೇರಿ ಇನ್ನೂ ಸುಮಾರು 400 ಲಕೋಟೆಗಳನ್ನು ಅನುಮತಿಯಿಲ್ಲದೆ ಒಯ್ದಿದ್ದರು. ಮರಳಿ ಬಂದ ಮೇಲೆ, ಹವಾಯಿಯಿಂದ ಹ್ಯೂಸ್ಟನ್ನಿಗೆ ವಿಮಾನದಲ್ಲಿ ಬರುವಾಗ ಅವಕ್ಕೆ ಸಹಿ ಹಾಕಿದರು. ಅವುಗಳಲ್ಲಿ 100 ಲಕೋಟೆಗಳು ಜರ್ಮನಿಯ ಅಂಚೆಚೀಟಿ ವ್ಯಾಪಾರಿ ಹರ್ಮನ್ ಸೀಗರ್ ಕೈ ಸೇರಿದವು. ಪ್ರತಿಯಾಗಿ ಒಬ್ಬೊಬ್ಬರಿಗೂ ಸುಮಾರು 7,000 ಡಾಲರ್ ಎಂದು ಮಾತಾಗಿತ್ತು, ಮಕ್ಕಳ ಓದಿಗೆಂದು. ಅಪೊಲೊ ಯೋಜನೆ ಮುಗಿಯುವತನಕ ಮಾರುವುದಿಲ್ಲ ಎಂದು ಗಗನಯಾತ್ರಿಗಳು ನಂಬಿಕೊಂಡಿದ್ದರು. ಸೀಗರ್ ಆ ವರ್ಷವೇ ಒಂದೊಂದನ್ನು ಸುಮಾರು 1,500 ಡಾಲರಿಗೆ ಮಾರಿದರು. ಸುದ್ದಿ ಹೊರಬಿತ್ತು. ಮೂವರೂ ಹಣ ಹಿಂದಿರುಗಿಸಿದರು, 1972ರಲ್ಲಿ ನಾಸಾ ಅವರಿಗೆ ಛೀಮಾರಿ ಹಾಕಿತು, ಅವರು ಮತ್ತೆ ಅಂತರಿಕ್ಷಕ್ಕೆ ಹೋಗಲಿಲ್ಲ. ತನಿಖೆಯಲ್ಲಿ ಇನ್ನೊಂದು ಸಂಗತಿಯೂ ಬಯಲಾಯಿತು: ಹದಿನೈದು ಮಂದಿ ಅಪೊಲೊ ಗಗನಯಾತ್ರಿಗಳು ತಲಾ 500 ಸಹಿ ಹಾಕಿಕೊಟ್ಟು ತಲಾ 2,500 ಡಾಲರ್ ಪಡೆದಿದ್ದರು. ಅವರಲ್ಲಿ ಕೆಲವರು ಆ ಹಣವನ್ನು ದಾನಕ್ಕೆ ಕೊಟ್ಟಿದ್ದರು ಎಂಬುದನ್ನೂ ಹೇಳಬೇಕು. ಸರ್ಕಾರ ಹಿಡಿದಿಟ್ಟುಕೊಂಡಿದ್ದ ಲಕೋಟೆಗಳು ವರ್ಡನ್ ನ್ಯಾಯಾಲಯದ ಮೆಟ್ಟಿಲು ಹತ್ತಿದ ಮೇಲೆ 1983ರಲ್ಲಿ ಯಾತ್ರಿಗಳಿಗೆ ಮರಳಿದವು.

ಚಂದ್ರನ ಮೇಲೆ ಮೂರು ದಿನ ಕಳೆದು, ಮೊದಲ ಸಲ ಅಲ್ಲಿ ಗಾಡಿ ಓಡಿಸಿದ ಯಾನವದು. ಭೂವಿಜ್ಞಾನಕ್ಕೆ ಅದರ ಕೊಡುಗೆ ಬಹಳ ದೊಡ್ಡದು. ಅದರ ಹೆಸರು ಹೇಳಿದೊಡನೆ ಅನೇಕರಿಗೆ ಲಕೋಟೆಗಳು ಮೊದಲು ನೆನಪಾಗುತ್ತವೆ ಎಂಬುದು ನೋವಿನ ಮಾತು.

ಆರ್ಮ್‌ಸ್ಟ್ರಾಂಗ್ ಈ ಮಾರುಕಟ್ಟೆಗೆ ಬೇಸತ್ತು ದೂರ ಸರಿದವರು. ಸಿನ್ಸಿನಾಟಿ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳುತ್ತಿದ್ದ ಕಾಲದಲ್ಲೂ ಆಮೇಲೂ ಅಂಚೆಯಲ್ಲಿ ಬಂದ ಕೋರಿಕೆಗಳಿಗೆ ಅವರು ವರ್ಷಗಟ್ಟಲೆ ಸಹಿ ಹಾಕಿ ಕಳಿಸಿದರು, ಹಣ ಕೇಳಲಿಲ್ಲ. ಹಾಗೆ ಉಚಿತವಾಗಿ ಕೊಟ್ಟದ್ದು ಮಾರಾಟಕ್ಕಿರುವುದು, ಅದರ ಬೆನ್ನಿಗೇ ಖೋಟಾ ಸಹಿಗಳು ಹರಡಿರುವುದು ಕಂಡಾಗ, 1994ರ ಸುಮಾರಿಗೆ ಸಹಿ ಹಾಕುವುದನ್ನೇ ನಿಲ್ಲಿಸಿದರು. ಅದರಿಂದ ಇದ್ದ ಸಹಿಗಳ ಬೆಲೆ ಏರಿತು, ಬೆಲೆ ಏರಿದಷ್ಟೂ ನಕಲಿ ಹೆಚ್ಚಿತು. 2005ರಲ್ಲಿ ಅವರ ಕ್ಷೌರಿಕರೊಬ್ಬರು ಕತ್ತರಿಸಿದ ಕೂದಲನ್ನೇ 3,000 ಡಾಲರಿಗೆ ಮಾರಿದ ಸುದ್ದಿ ಬಂತು. ಒಬ್ಬ ಸಂಕೋಚದ ಮನುಷ್ಯ ಸಹಿ ನಿಲ್ಲಿಸಿದ್ದನ್ನು ಯಾರೂ ತಪ್ಪೆನ್ನಲಾರರು. ಆದರೆ ಅದರ ಹೊಡೆತ ಬಿದ್ದದ್ದು ವ್ಯಾಪಾರಿಗೆ ಅಲ್ಲವೇ ಅಲ್ಲ. 1995ರಲ್ಲಿ ಮೊದಲ ಸಲ ಚಂದ್ರನ ಬಗ್ಗೆ ಓದಿ ಪೆನ್ನು ಹಿಡಿದು ಕೂತ ಮಗುವಿಗೆ ಆ ಬಾಗಿಲು ಮುಚ್ಚಿತ್ತು.

ಎಲ್ಲರೂ ಬಾಗಿಲು ಮುಚ್ಚಲಿಲ್ಲ. ಜಾನ್ ಗ್ಲೆನ್ ಸೆನೆಟ್ ಬಿಟ್ಟು ಓಹಾಯೊಗೆ ಮರಳಿದ ಮೇಲೆ, ಮುಪ್ಪಿನಲ್ಲೂ, ಅಂಚೆಯ ಕೋರಿಕೆಗಳಿಗೆ ಸಹಿ ಹಾಕುವ ಉದಾರಿ ಎಂದೇ ಸಂಗ್ರಾಹಕರ ನಡುವೆ ಹೆಸರಾಗಿದ್ದರು. 77ನೇ ವಯಸ್ಸಿನಲ್ಲಿ ಮತ್ತೊಮ್ಮೆ ಅಂತರಿಕ್ಷಕ್ಕೆ ಹೋಗಿ ಬಂದಿದ್ದ ಆ ಹಿರಿಯರಿಗೆ ಯಾವ ಸಹಿಯ ಹಂಗೂ ಇರಲಿಲ್ಲ. ಇನ್ನೊಂದು ಒಳ್ಳೆಯ ದಾರಿಯನ್ನು ತೆರೆದವರೂ ಅವರ ಜೊತೆಗಾರರೇ. ಮೊದಲ ಏಳು ಮಂದಿಯಲ್ಲಿ ಬದುಕಿದ್ದ ಆರು ಜನ, ಅಪೊಲೊ 1ರ ಬೆಂಕಿಯಲ್ಲಿ ತೀರಿಕೊಂಡ ಗಸ್ ಗ್ರಿಸಮ್ ಅವರ ಪತ್ನಿ ಬೆಟ್ಟಿ ಮತ್ತು ಕೆಲವು ಗೆಳೆಯರು ಸೇರಿ 1984ರಲ್ಲಿ ಕಟ್ಟಿದ ಪ್ರತಿಷ್ಠಾನ ಇಂದು ಗಗನಯಾತ್ರಿ ವಿದ್ಯಾರ್ಥಿವೇತನ ಪ್ರತಿಷ್ಠಾನವಾಗಿದೆ. ಸಹಿ ಹಾಕಿದ ವಸ್ತುಗಳ ಮಾರಾಟ, ಹರಾಜುಗಳಿಂದಲೂ ಹಣ ಕೂಡಿಸಿ ವಿಜ್ಞಾನ ಓದುವ ವಿದ್ಯಾರ್ಥಿಗಳಿಗೆ ಅದು ಕೊಡುತ್ತ ಬಂದಿದೆ. ಸಹಿಗೆ ಬೆಲೆ ಕಟ್ಟಲೇಬೇಕಾದರೆ ಹೀಗೆ ಕಟ್ಟುವುದು ಒಪ್ಪತಕ್ಕ ಮಾತು.

ಲಕೋಟೆಗಳ ಈ ಚರಿತ್ರೆಯಲ್ಲಿ ಕರ್ನಾಟಕದ ಒಂದು ಎಳೆಯೂ ಇದೆ. ಅಪೊಲೊ 15ರ ಹಗರಣದ ಕಹಿ ತಗ್ಗಿದ ಮೇಲೆ ನಾಸಾ ಮತ್ತು ಅಮೆರಿಕದ ಅಂಚೆ ಇಲಾಖೆ ಸೇರಿ, ಎಲ್ಲವನ್ನೂ ಬಹಿರಂಗವಾಗಿಯೇ ಮಾಡಲು ನಿಶ್ಚಯಿಸಿ, 1983ರ ಆಗಸ್ಟ್ 30ರಂದು ಹೊರಟ ಚಾಲೆಂಜರ್ ನೌಕೆಯಲ್ಲಿ ಸುಮಾರು 2,60,000 ಲಕೋಟೆಗಳನ್ನು ಕಳಿಸಿದವು. ಯಾನ ಮುಗಿದ ಮೇಲೆ ಅವನ್ನು ಒಂದಕ್ಕೆ 15.35 ಡಾಲರಿನಂತೆ ಸಾರ್ವಜನಿಕರಿಗೆ ಮಾರಲಾಯಿತು. ಅದೇ ಯಾನದ ಸರಕಿನ ಕೋಣೆಯಲ್ಲಿದ್ದದ್ದು ಭಾರತದ ಇನ್ಸಾಟ್-1ಬಿ. ಕಕ್ಷೆಗೆ ಸೇರಿದ ಮೇಲೆ ಅದನ್ನು ನಡೆಸಿದ್ದು ಹಾಸನದ ಮುಖ್ಯ ನಿಯಂತ್ರಣ ಕೇಂದ್ರ. ನಮ್ಮ ಹಳ್ಳಿಗಳಿಗೆ ದೂರದರ್ಶನ ತಲುಪಿಸಿದ ಉಪಗ್ರಹವೂ ಅಷ್ಟೊಂದು ಲಕೋಟೆಗಳೂ ಒಂದೇ ಗಾಡಿಯಲ್ಲಿ ಹೋದವು. ಗಗನಯಾತ್ರಿ ಗಯನ್ ಬ್ಲೂಫರ್ಡ್ ಸೇರಿ ಐವರು ಅದರಲ್ಲಿದ್ದರು. ಅವರು ಸಹಿ ಹಾಕಿದ ಒಂದು ಲಕೋಟೆ ಹಾಸನದ ಕೇಂದ್ರದ ಗೋಡೆಯ ಮೇಲೆ ಇದ್ದರೆ ಎಷ್ಟು ಚೆನ್ನ!

ಈಗ ಬೆಂಗಳೂರಿನ ಮಾತು. 2019ರ ಜನವರಿಯಲ್ಲಿ ಇಸ್ರೊ ಇಲ್ಲಿ ಮಾನವ ಅಂತರಿಕ್ಷಯಾನ ಕೇಂದ್ರವನ್ನು ತೆರೆಯಿತು. 2024ರ ಫೆಬ್ರವರಿ 27ರಂದು ಪ್ರಶಾಂತ್ ನಾಯರ್, ಅಜಿತ್ ಕೃಷ್ಣನ್, ಅಂಗದ್ ಪ್ರತಾಪ್, ಶುಭಾಂಶು ಶುಕ್ಲಾ ಎಂಬ ನಾಲ್ವರ ಹೆಸರು ಭಾರತದ ಗಗನಯಾನ ಯೋಜನೆಯ ಗಗನಯಾತ್ರಿಗಳೆಂದು ಪ್ರಕಟವಾಯಿತು. ಅವರು ತರಬೇತಿ ಪಡೆದದ್ದು ಮೊದಲು ರಷ್ಯಾದಲ್ಲಿ, ಆಮೇಲೆ ಬೆಂಗಳೂರಿನಲ್ಲಿ. ಶುಕ್ಲಾ 2025ರ ಜೂನ್ 25ರಂದು ಹೊರಟು ಅಂತರರಾಷ್ಟ್ರೀಯ ಅಂತರಿಕ್ಷ ನಿಲ್ದಾಣಕ್ಕೆ ಹೋಗಿ, ಜುಲೈ 15ರಂದು ಮರಳಿದರು. ನಿಲ್ದಾಣದಲ್ಲಿದ್ದಾಗಲೇ ಜುಲೈ 4ರಂದು ಯು.ಆರ್. ರಾವ್ ಉಪಗ್ರಹ ಕೇಂದ್ರದಲ್ಲಿ ಸೇರಿದ್ದ ಮಕ್ಕಳ ಜೊತೆ ಹ್ಯಾಮ್ ರೇಡಿಯೊದಲ್ಲಿ ಮಾತಾಡಿದರು. ಧಾರವಾಡದ ಕೃಷಿ ವಿಶ್ವವಿದ್ಯಾಲಯ ಕೊಟ್ಟ ಹೆಸರುಕಾಳು, ಮೆಂತ್ಯ ಅಲ್ಲಿ ಮೊಳಕೆಯೊಡೆದವು. ಇಷ್ಟನ್ನು ಕಂಡ ಮಕ್ಕಳು ಕಾಗದ ಬರೆಯದೆ ಇರುತ್ತಾರೆಯೇ? ರಾಕೇಶ್ ಶರ್ಮಾ 1984ರ ಏಪ್ರಿಲ್‌ನಲ್ಲಿ ಸೋವಿಯತ್ ಅಂತರಿಕ್ಷ ನಿಲ್ದಾಣ ಸಲ್ಯೂಟ್ 7ಕ್ಕೆ ಹೋಗಿ ಬಂದಾಗ ಬರೆದ ಮಕ್ಕಳು ಇಂದು ಐವತ್ತು ದಾಟಿದ್ದಾರೆ. ಅಂದು ಅವರ ಕಾಗದಗಳಿಗೆಂದೇ ಒಂದು ಕಚೇರಿ ಇರಲಿಲ್ಲ. ಇಂದು ಗಗನಯಾತ್ರಿಗಳದ್ದೇ ಒಂದು ಕೇಂದ್ರ ಇದೆ.

ಆ ಕೇಂದ್ರ ಮೊದಲ ದಿನದಿಂದಲೇ ಟಪಾಲಿಗೆ ಒಂದು ನಿಯಮ ಮಾಡಿಕೊಳ್ಳಬೇಕು. ಕಾಗದ ಹಾಕಬೇಕಾದ ವಿಳಾಸ ಪ್ರಕಟವಾಗಿರಲಿ. ಕೈಯಲ್ಲಿ ಹಾಕುವ ಪ್ರತಿ ಸಹಿಯ ಮೇಲೂ ಬರೆದವರ ಹೆಸರಿರಲಿ, ಬರಿಯ ಸಹಿ ಯಾರಿಗೂ ಬೇಡ. ಹೆಸರಿರುವ ಸಹಿಯನ್ನು ಮಾರಿದರೆ ಹೆಚ್ಚು ದುಡ್ಡು ಹುಟ್ಟುವುದಿಲ್ಲ ಎಂದು ಅರವತ್ತು ವರ್ಷಗಳ ಹರಾಜುಗಳೇ ತೋರಿಸಿಕೊಟ್ಟಿವೆ, ಖೋಟಾ ಮಾಡುವವರಿಗೂ ಅದು ಕಷ್ಟದ ಕೆಲಸ. ಮುದ್ರಿತ ಸಹಿಯ ಕಾರ್ಡು ಕಳಿಸಬೇಕಾಗಿ ಬಂದರೆ ಮುದ್ರಿತ ಎಂದು ಅದರ ಮೇಲೇ ಅಚ್ಚಾಗಿರಲಿ. ಮಕ್ಕಳಿಗೆ ಆ ಮಾತು ಅರ್ಥವಾಗುತ್ತದೆ, ಸುಳ್ಳಿಗಿಂತ ಅದನ್ನು ಅವರು ಸುಲಭವಾಗಿ ಒಪ್ಪುತ್ತಾರೆ. ಕಾರ್ಡಿನಲ್ಲಿ ಇಂಗ್ಲಿಷ್, ಹಿಂದಿಯ ಜೊತೆಗೆ ಕನ್ನಡವೂ ಇರಲಿ. ಕೇರಳದ ಮೂಲದ ನಾಯರ್ ಅವರು ಮಲಯಾಳದಲ್ಲೇ ಸಹಿ ಹಾಕಿದರೆ ಇನ್ನೂ ಸಂತೋಷ.

ನಾಲ್ವರಿಗೆ ಇದಕ್ಕೆಲ್ಲ ಬಿಡುವೆಲ್ಲಿ ಎಂಬ ಪ್ರಶ್ನೆ ನ್ಯಾಯವಾದದ್ದು. ಅವರ ಮೊದಲ ಕೆಲಸ ಕ್ಷೇಮವಾಗಿ ಹೋಗಿ ಬರುವುದು. ಎಲ್ಲ ಕಾಗದಕ್ಕೂ ಸಹಿ ಹಾಕಬೇಕೆಂದು ಯಾರೂ ಕೇಳುತ್ತಿಲ್ಲ. ತಿಂಗಳಿಗೊಮ್ಮೆ ಒಂದು ಮಧ್ಯಾಹ್ನ ಕೂತು ಕೈಲಾದಷ್ಟು ಬರೆಯಲಿ, ಒಂದೇ ಶಾಲೆಯಿಂದ ಹಲವು ಕಾಗದ ಬಂದಿದ್ದರೆ ಶಾಲೆಯ ಹೆಸರಿಗೆ ಒಂದು ದೊಡ್ಡ ಚಿತ್ರ ಹೋಗಲಿ. ಉಳಿದ ಮಕ್ಕಳ ಪ್ರಶ್ನೆಗಳಿಗೆ ಕೇಂದ್ರದ ಎಂಜಿನಿಯರುಗಳು ಎರಡು ಸಾಲು ಬರೆದು, ತಮ್ಮದೇ ಹೆಸರಿನಲ್ಲಿ ಸಹಿ ಮಾಡಿ ಕಳಿಸಬಹುದು. ಉಸಿರಾಡುವ ಗಾಳಿಯ ವ್ಯವಸ್ಥೆಯನ್ನು ಕಟ್ಟಿದವರ ಸಹಿಯೂ ಇಟ್ಟುಕೊಳ್ಳತಕ್ಕ ಸಹಿಯೇ. ಕಾಗದಕ್ಕೆ ಉತ್ತರ ಬರೆಯುವುದು ಈ ನಾಡಿಗೆ ಹೊಸದೇನಲ್ಲ. ಶಿವರಾಮ ಕಾರಂತರು ಎಷ್ಟೆಲ್ಲ ಕೆಲಸಗಳ ನಡುವೆಯೂ ಓದುಗರ ಮತ್ತು ಮಕ್ಕಳ ಪತ್ರಗಳಿಗೆ ಉತ್ತರಿಸುತ್ತಿದ್ದರು. ಆ ಕಾರ್ಡುಗಳನ್ನು ಜತನವಾಗಿಟ್ಟುಕೊಂಡ ಮನೆಗಳು ಇಂದಿಗೂ ಇವೆ.

ಮೊಬೈಲಿನ ಕಾಲದಲ್ಲಿ ಅಂಚೆ ಏಕೆ ಎನ್ನುವವರೂ ಇದ್ದಾರೆ. ಗಗನಯಾತ್ರಿ ಬಂದ ಸಭೆಗೆ ಹೋಗಿ ಸೆಲ್ಫಿ ತೆಗೆದುಕೊಳ್ಳುವ ಅವಕಾಶ ದೊಡ್ಡ ಊರುಗಳ ಕೆಲವು ಶಾಲೆಗಳಿಗೆ ಸಿಗುತ್ತದೆ. ಬೀದರಿನ ಗಡಿಯ ಹಳ್ಳಿಗೆ, ಕೊಳ್ಳೇಗಾಲದ ಕಾಡಂಚಿನ ಶಾಲೆಗೆ ಸಿಗುವುದಿಲ್ಲ. ಅಂಚೆಯಣ್ಣ ಆ ಎರಡೂ ಕಡೆ ಹೋಗುತ್ತಾನೆ. ಹ್ಯೂಸ್ಟನ್ನಿಗೆ ಬರೆಯಲು ಡಾಲರಿನ ಸ್ಟ್ಯಾಂಪ್ ಹುಡುಕಬೇಕಿದ್ದ ಮಗು ಬೆಂಗಳೂರಿಗೆ 50 ಪೈಸೆಯ ಕಾರ್ಡಿನಲ್ಲಿ ಬರೆಯಬಹುದು. ಉತ್ತರದ ಅಂಚೆ ವೆಚ್ಚವನ್ನು ಇಸ್ರೊ ಹೊರಲಿ, ಅಥವಾ ಅಂಚೆ ಇಲಾಖೆ ತನ್ನ ಕೊಡುಗೆಯೆಂದು ಬಿಟ್ಟುಕೊಡಲಿ. ಗಗನಯಾನದ ಮೊದಲ ಮಾನವಸಹಿತ ಉಡಾವಣೆಗೆ ಮುಂಚೆಯೇ ಈ ನಿಯಮವೂ ವಿಳಾಸವೂ ಶಾಲೆಗಳಿಗೆ ತಲುಪಿರಬೇಕು. ಆಮೇಲೆ ಬರುವ ಟಪಾಲಿನ ರಾಶಿಯ ಮುಂದೆ ಕೂತು ನಿಯಮ ಮಾಡಲು ಹೊರಟರೆ, ಹ್ಯೂಸ್ಟನ್ ಕೊಂಡ ಯಂತ್ರವನ್ನೇ ಬೆಂಗಳೂರೂ ಕೊಳ್ಳಬೇಕಾದೀತು.